ತಾನೇ ಕ್ಯೂಬ್ ಬಿಡಿಸುವ ಯಂತ್ರ



ಹಂಗೇರಿಯ ಎರ್ನೋ ರೂಬಿಕ್ 1974ರಲ್ಲಿ ರೂಪಿಸಿದ ಬಣ್ಣದ ಕ್ಯೂಬನ್ನು ನೀವು ತಿರುಗಿಸಿ ನೋಡಿರಬಹುದು. ಅದರ ಚೌಕಗಳು 54. ಅವು ಕೂಡಬಹುದಾದ ರೀತಿಗಳು ಮಾತ್ರ 43ರ ಮುಂದೆ 18 ಸೊನ್ನೆ ಬರೆದಷ್ಟು! ಇದನ್ನು ತಾನಾಗಿಯೇ ಬಿಡಿಸುವ ಯಂತ್ರವನ್ನು ಮಾಸೂರಿನಂಥ ಊರಿನಲ್ಲಿದ್ದುಕೊಂಡೂ ಕಟ್ಟಬಹುದು. ಅದರ ಕೆಲಸ ಮೂರು: ನೋಡುವುದು, ಯೋಚಿಸುವುದು, ತಿರುಗಿಸುವುದು.

ನೋಡಲು ಬಣ್ಣ ಗುರುತಿಸುವ ಸಂವೇದಕ ಅಥವಾ ಕ್ಯಾಮೆರಾ ಬೇಕು. ಮಂದ ಬೆಳಕಿನಲ್ಲಿ ಅದು ಕಿತ್ತಳೆಯನ್ನು ಕೆಂಪೆಂದು ತಿಳಿಯುವುದುಂಟು. ಪ್ರತಿ ಬಣ್ಣದ ಚೌಕಗಳು 9 ಇರಬೇಕು. ಕೆಂಪು 10 ಬಂದರೆ ಯಂತ್ರ ತಪ್ಪು ಓದಿದೆ ಎಂದರ್ಥ.

ಯೋಚಿಸುವ ಕೆಲಸ ಈಗ ಸುಲಭ. ಜರ್ಮನಿಯ ಹರ್ಬರ್ಟ್ ಕೊಸಿಯೆಂಬಾ 1992ರಲ್ಲಿ ಕೊಟ್ಟ ಎರಡು ಹಂತಗಳ ವಿಧಾನವನ್ನು ಸಣ್ಣ ಕಂಪ್ಯೂಟರೂ ನಡೆಸಬಲ್ಲದು. ಎಷ್ಟೇ ಕಲೆಸಿದ ಕ್ಯೂಬಿಗೂ 20 ತಿರುವುಗಳು ಸಾಕೆಂದು 2010ರಲ್ಲಿ ಸಾಬೀತಾಯಿತು.

ನಿಜವಾದ ಕಷ್ಟ ಕೈಯದು. ಕ್ಯೂಬನ್ನು ತಿರುಗುವ ತಟ್ಟೆಯಲ್ಲಿಡಿ. ತಟ್ಟೆಗೊಂದು ಮೋಟಾರು, ಮೇಲಿನ ತೋಳಿಗೊಂದು. ತೋಳು ಮೇಲಿನ ಎರಡು ಪದರಗಳನ್ನು ಹಿಡಿದಿರುವಾಗ ತಟ್ಟೆ ತಿರುಗಿದರೆ ಕೆಳಪದರ ಮಾತ್ರ ತಿರುಗುತ್ತದೆ. ತೋಳು ಎಳೆದರೆ ಕ್ಯೂಬ್ ಹೊರಳಿ ಬೇರೊಂದು ಮುಖ ಕೆಳಗೆ ಬರುತ್ತದೆ. ಎಲ್ಲ ತಿರುವುಗಳೂ ಇಷ್ಟರಲ್ಲೇ ಆಗುತ್ತವೆ.

ಆದರೆ ಕ್ಯೂಬ್ ತಟ್ಟೆಯಲ್ಲಿ ತುಸು ಸಡಿಲವಾಗಿರುತ್ತದೆ. ಆದ್ದರಿಂದ ತಟ್ಟೆ 90 ಡಿಗ್ರಿಯನ್ನು ಸ್ವಲ್ಪ ದಾಟಿ ಹಿಂದಕ್ಕೆ ಬರಬೇಕು. ಇಲ್ಲವಾದರೆ ಪದರ ಓರೆಯಾಗಿ ನಿಂತು ಮುಂದಿನ ತಿರುವಿಗೆ ಸಿಕ್ಕಿಕೊಳ್ಳುತ್ತದೆ. ಲೆಕ್ಕ ಸರಿಯಿದ್ದರೂ ಕ್ಯೂಬ್ ಬಿಡಿಸಲಾಗದು.

ಮೊದಲು ರಟ್ಟಿನಲ್ಲಿ ತಟ್ಟೆ ಮಾಡಿ, ಕೈಯಿಂದಲೇ ತಿರುಗಿಸಿ ಅಳತೆ ಸರಿಪಡಿಸಿಕೊಳ್ಳಿ. ಮೋಟಾರು ಆಮೇಲೆ ಕೊಂಡರಾಯಿತು.