ಸ್ಕ್ರಿಪ್ಟ್ ಕೇಳಿದವರು ಬಹಳ, ಸಹಿ ಹಾಕಿದವರು ಕಡಿಮೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನಲ್ಲಿ ಅಡರಕಟ್ಟಿ ಎಂಬ ಊರಿದೆ. ನಮ್ಮ ಕರಾವಳಿಯವರು ಹೆಚ್ಚಿನವರು ಕೇಳಿರಲಿಕ್ಕಿಲ್ಲ. ನಾನೂ ಕೇಳಿರಲಿಲ್ಲ. ಕಾಕ ಲಕ್ಷ್ಮೇಶ್ವರದಲ್ಲಿ ಬೇಕರಿ ಹಾಕಿ, ಬಾಡಿಗೆ ಕಡಿಮೆ ಅಂತ ಅಡರಕಟ್ಟಿಯಲ್ಲಿ ಮನೆ ಮಾಡಿದ ಮೇಲೆ ಆ ಊರು ನಮಗೂ ಊರಾಯಿತು. ಬೆಂಗಳೂರಿನ ರೂಮಿನ ಬಾಡಿಗೆ ಕಟ್ಟಲು ಆಗದೆ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಕಾಕನ ಮನೆಗೆ ಬಂದು ಕೂತೆ.

ನನ್ನ ಕೆಲಸ ಸ್ಕ್ರಿಪ್ಟ್ ಬರೆಯುವುದು. ಯಾವ ಕಂಪೆನಿಯ ನೌಕರಿಯೂ ಅಲ್ಲ. ಧಾರಾವಾಹಿಗೆ ಎಪಿಸೋಡ್ ಲೆಕ್ಕದಲ್ಲಿ ಸಂಭಾಷಣೆ, ಅಂಗಡಿಗಳ ಜಾಹೀರಾತು, ಸಾಕ್ಷ್ಯಚಿತ್ರದ ನಿರೂಪಣೆ, ಯಾರೋ ಕೇಳಿದರೆ ಸಿನೆಮಾ ಚಿತ್ರಕಥೆ. ಬರೆದಷ್ಟು ಕೂಲಿ, ಅದೂ ಕೊಟ್ಟರೆ. ಮದುವೆ ಪ್ರಸ್ತಾಪದವರು ಫೋನ್ ಮಾಡಿ "ಹುಡುಗ ಎಂತ ಮಾಡುವುದು?" ಅಂತ ಕೇಳಿದಾಗ ಉಮ್ಮ ಹೇಳುವ ಉತ್ತರ ಒಂದೇ: "ಕಂಪ್ಯೂಟರಲ್ಲಿ ಕೆಲಸ." ಸುಳ್ಳೇನಲ್ಲ. ಆಮೇಲೆ ನನಗೆ ಫೋನ್ ಮಾಡಿ ಕೇಳುತ್ತಾರೆ, "ಅಲ್ಲ ಮೋನೆ, ನಿಜಕ್ಕೂ ಅದಕ್ಕೆ ಎಂತ ಹೇಳುವುದು?"

ಆಗ ನನ್ನ ಕೈಯಲ್ಲಿದ್ದದ್ದು ಒಂದು ಸಿನೆಮಾದ ಸ್ಕ್ರಿಪ್ಟ್. ಗಲ್ಫಿನಿಂದ ಎರಡು ವರ್ಷದ ನಂತರ ಮನೆಗೆ ಬರುವ ಮಗನ ಕಥೆ. ಬೆಂಗಳೂರಿನ ಒಬ್ಬ ನಿರ್ಮಾಪಕರಿಗೆ ಹೇಳಿದ್ದೆ, ಅವರಿಗೆ ಹಿಡಿಸಿತ್ತು. ಹಿಡಿಸಿತು ಅಂತ ಅವರು ಹೇಳಿದ್ದು ನಾಲ್ಕು ಸಲ. ನಾಲ್ಕು ಸಲವೂ ಕೊನೆಗೆ "ಆದರೆ" ಇತ್ತು. ಮೊದಲು, "ಇನ್ನೂ ಸ್ವಲ್ಪ ಎಮೋಷನ್ ಬೇಕು." ನಾನು ಉಮ್ಮನ ಪಾತ್ರಕ್ಕೆ ಎರಡು ಪುಟ ಮಾತು ಹೆಚ್ಚಿಸಿದೆ. ಆಮೇಲೆ, "ಸೆಕೆಂಡ್ ಹಾಫ್ ಲ್ಯಾಗ್ ಆಗುತ್ತೆ." ಕತ್ತರಿಸಿದೆ. ಆಮೇಲೆ, "ಹೀರೋಯಿನ್‌ಗೆ ಸ್ಪೇಸ್ ಇಲ್ಲ." ಕೊಟ್ಟೆ. ನಾಲ್ಕನೆಯ ಸಲ, "ಮೊದಲಿನ ವರ್ಷನ್‌ನಲ್ಲಿ ಒಂದು ಫೀಲ್ ಇತ್ತಲ್ಲ?" ಐದು ಡ್ರಾಫ್ಟ್, ಹನ್ನೊಂದು ತಿಂಗಳು, ಒಂದು ರೂಪಾಯಿ ಅಡ್ವಾನ್ಸ್ ಇಲ್ಲ. ಕಾಕನಿಂದ ಪಡೆದ ಸಾಲ ನಲವತ್ತು ಸಾವಿರಕ್ಕೆ ಹೋಗಿತ್ತು. ಕಾಕ ಕೇಳುವವರಲ್ಲ, ಆದರೆ ಅತ್ತಿಗೆ ಪಾತ್ರೆ ಇಡುವ ಶಬ್ದದಲ್ಲಿ ನನಗೆ ಗೊತ್ತಾಗುತ್ತಿತ್ತು.

ಐದನೆಯ ಡ್ರಾಫ್ಟ್ ಕಳಿಸುವ ಮುಂಚಿನ ದಿನ, ಅಸರ್ ಕಳೆದ ಮೇಲೆ, ಮನೆ ಎದುರಿನ ಕಟ್ಟೆಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಸಂಭಾಷಣೆ ನಾಲಿಗೆಗೆ ಬರುತ್ತದಾ ಅಂತ ನೋಡುವುದು ಅಭ್ಯಾಸ. ಪಕ್ಕದ ಮನೆಯ ಅಜ್ಜ ಬಂದು ಕೂತರು. ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸ ಮಾಡಿದವರು. ಅವರ ಹಿಂದೆ ಇಬ್ಬರು ಹುಡುಗರು. ಗಿರ್ಮಿಟ್ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಎದುರು ಮನೆಯ ಅಕ್ಕ ಬಾಗಿಲಲ್ಲಿ ನಿಂತರು. "ಓದ್ರಿ ಓದ್ರಿ, ನಿಂದ್ರಸಬ್ಯಾಡ್ರಿ" ಅಂದರು ಅಜ್ಜ.

ಮಗ ಪೆಟ್ಟಿಗೆ ಹೊತ್ತು ಅಂಗಳಕ್ಕೆ ಬರುವ ಸೀನ್ ಓದಿದೆ. ಉಮ್ಮನ ಎರಡು ಪುಟದ ಮಾತು ಶುರುವಾಯಿತು. ಅರ್ಧಕ್ಕೆ ಅಜ್ಜ ಕೈ ಎತ್ತಿದರು.

"ಸಾಹೇಬ್ರ, ಮಗಾ ಎರಡ ವರ್ಷ ಆದ ಮ್ಯಾಲ ಮನಿಗೆ ಬಂದಾನ. ಅಕಿ ಬಾಗಲದಾಗ ನಿಂತು ಭಾಷಣ ಮಾಡ್ತಾಳ. ಉಂಡಿಯೇನೋ ತಮ್ಮಾ ಅಂತ ಕೇಳಂಗಿಲ್ಲೇನ್ರಿ?"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಊರಿಗೆ ಹೋದಾಗ ಉಮ್ಮ ಕೇಳುವ ಮೊದಲ ಪ್ರಶ್ನೆಯೂ ಅದೇ. ಹನ್ನೊಂದು ತಿಂಗಳು ಬರೆದವನಿಗೆ ಅದು ಹೊಳೆದಿರಲಿಲ್ಲ. ಎದುರು ಮನೆಯ ಅಕ್ಕ ಕೊನೆಯವರೆಗೂ ನಿಂತು ಕೇಳಿ, ಒಂದೇ ಮಾತು ಕೇಳಿದರು: "ಆ ತಂಗಿ ಎಲ್ಲಿ ಹೋದ್ಲರೀ? ಎರಡನೇ ಸೀನಿನಾಗ ನೀರಿಗೆ ಹೋದಾಕಿ ವಾಪಸ್ ಬರಲೇ ಇಲ್ಲ."

ನಿಜ. ಹೀರೋಯಿನ್‌ಗೆ ಜಾಗ ಕೊಡುವ ಗಡಿಬಿಡಿಯಲ್ಲಿ ತಂಗಿಯನ್ನು ಬಾವಿಕಟ್ಟೆಯಲ್ಲೇ ಬಿಟ್ಟುಬಂದಿದ್ದೆ. ಐದು ಡ್ರಾಫ್ಟ್ ಓದಿದ ನಿರ್ಮಾಪಕರ ಕಚೇರಿಯಲ್ಲಿ ಒಬ್ಬರಿಗೂ ಅವಳ ನೆನಪು ಆಗಿರಲಿಲ್ಲ.

ಅಜ್ಜನಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ ಯೋಚಿಸಿದರೆ ಆಶ್ಚರ್ಯ ಏನಿಲ್ಲ. ಗದಗ ಸೀಮೆ ನಾಟಕ ಕಂಪನಿಗಳ ಸೀಮೆ. ಗರುಡ ಸದಾಶಿವರಾಯರ ಕಂಪನಿಯ ಹೆಸರು ಇಲ್ಲಿನ ಹಳಬರು ಇವತ್ತಿಗೂ ಹೇಳುತ್ತಾರೆ. ಕಂಪನಿ ನಾಟಕದಲ್ಲಿ ಬರೆದವನು ಪರದೆಯ ಪಕ್ಕದಲ್ಲೇ ನಿಂತಿರುತ್ತಿದ್ದ. ಜನ ಎಲ್ಲಿ ಕೆಮ್ಮಿದರು, ಎಲ್ಲಿ ಬೀಡಿಗೆ ಎದ್ದು ಹೋದರು ಅಂತ ನೋಡಿ ಮರುದಿನ ಮಾತು ಬದಲಿಸಬಹುದಿತ್ತು. ಅಭಿಪ್ರಾಯ ಕೇಳಲು ಯಾರ ಕಚೇರಿಯ ಸೋಫಾದಲ್ಲೂ ಕಾಯಬೇಕಿರಲಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಪಿ. ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಹೀಗೆ ಕಂಪನಿ ರಂಗದ ಮೇಲೆ ಗೆದ್ದ ನಾಟಕ. 1974ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಸಿನೆಮಾ ಆಯಿತು. ಅಜ್ಜನ ಪ್ರಕಾರ "ಸಿನಿಮಾ ಚಲೋ ಐತಿ, ಆದ್ರ ನಾಟಕದಷ್ಟಿಲ್ಲ." ಪರದೆ ಎಳೆದವರು ಹಾಗಲ್ಲದೆ ಬೇರೆ ಹೇಗೆ ಹೇಳುತ್ತಾರೆ!

ಅಭಿಪ್ರಾಯ ಮತ್ತು ಪುಕ್ಕಟೆ ಕೆಲಸ, ಇವೆರಡರ ವ್ಯತ್ಯಾಸ ನನಗೆ ಆ ಕಟ್ಟೆಯ ಮೇಲೆ ಅರ್ಥವಾಯಿತು. ಅಜ್ಜ ಹೇಳಿದ್ದು ಅಭಿಪ್ರಾಯ. ಅವರಿಗೆ ಬೇಸರ ಬಂದ ಜಾಗವನ್ನು ಬೆರಳಿಟ್ಟು ತೋರಿಸಿದರು, ಸರಿ ಮಾಡುವುದು ನನಗೆ ಬಿಟ್ಟರು. ನಿರ್ಮಾಪಕರು ಹೇಳಿದ್ದು ಆರ್ಡರ್. ಬೇಕರಿಗೆ ಬಂದು ಕೇಕಿನ ಮೇಲೆ ಹೆಸರು ಬದಲಿಸಿ ಅಂದರೆ ಕಾಕ ಬದಲಿಸುತ್ತಾರೆ, ಆದರೆ ಮೊದಲು ಅಡ್ವಾನ್ಸ್ ಚೀಟಿ ಬರೆಯುತ್ತಾರೆ. ಐದು ಸಲ ಕೇಕ್ ಬದಲಿಸಿ ಕೊಟ್ಟು ಒಂದು ಚೀಟಿಯೂ ಬರೆಯದವನು ನಾನು.

ಹೊಸಬರಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. ಕಥೆ ಹೇಳಿದ ಮೇಲೆ ಅವರು ಎತ್ತಿಕೊಂಡರೆ? ಇದಕ್ಕೆ ದೇಶದಲ್ಲಿ ಪ್ರಸಿದ್ಧವಾದ ಒಂದು ಕೇಸ್ ಇದೆ. ದೆಹಲಿಯ ನಾಟಕಕಾರ ಆರ್. ಜಿ. ಆನಂದ್ 'ಹಮ್ ಹಿಂದೂಸ್ತಾನಿ' ಎಂಬ ನಾಟಕ ಬರೆದಿದ್ದರು. 1954ರಲ್ಲಿ ಅದು ರಂಗಕ್ಕೆ ಬಂತು. 1955ರ ಜನವರಿಯಲ್ಲಿ ಸಿನೆಮಾ ನಿರ್ದೇಶಕ ಮೋಹನ್ ಸೆಹಗಲ್ ದೆಹಲಿಗೆ ಬಂದಾಗ ಆನಂದ್ ಇಡೀ ನಾಟಕವನ್ನು ಅವರಿಗೆ ಓದಿ ಹೇಳಿದರು. ಮರುವರ್ಷ ಸೆಹಗಲ್ ಅವರ 'ನ್ಯೂ ಡೆಲ್ಲಿ' ಸಿನೆಮಾ ತೆರೆಗೆ ಬಂತು. ಎರಡರಲ್ಲೂ ಪ್ರಾಂತದ ಅಭಿಮಾನ ಹೆಚ್ಚಾಗಿ ಜನ ಬೇರೆ ಪ್ರಾಂತದವರನ್ನು ದೂರ ಇಡುವ ವಿಷಯ. ಆನಂದ್ ಕೋರ್ಟಿಗೆ ಹೋದರು, ಸೋತರು, ಮೇಲೆ ಹೋದರು, ಮತ್ತೆ ಸೋತರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬರೀ ವಿಷಯಕ್ಕೆ, ಐಡಿಯಾಕ್ಕೆ ಹಕ್ಕುಸ್ವಾಮ್ಯ ಇಲ್ಲ. ಅದನ್ನು ಬರೆದ ರೀತಿಗೆ, ಪಾತ್ರ ಮತ್ತು ಘಟನೆ ಜೋಡಿಸಿದ ಕ್ರಮಕ್ಕೆ ಇದೆ. 'ಗಲ್ಫಿನಿಂದ ಬಂದ ಮಗ' ಎಂಬುದು ನನ್ನ ಆಸ್ತಿಯಲ್ಲ, ಬ್ಯಾರಿಗಳ ಯಾವ ಮನೆಯಲ್ಲೂ ಸಿಗುವ ಕಥೆ. ಅವನು ಬಂದ ದಿನ ಏನೇನು ಆಯಿತು ಅಂತ ನಾನು ಬರೆದ ತೊಂಬತ್ತು ಪುಟ ನನ್ನದು.

ನಮ್ಮ ಸಮುದಾಯಕ್ಕೆ ಇನ್ನೂ ಹತ್ತಿರದ್ದು ಸಾರಾ ಅಬೂಬಕ್ಕರ್ ಅವರ ಪ್ರಕರಣ. 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1980ರ ದಶಕದ ಆರಂಭದಲ್ಲಿ. 2011ರ 'ಬ್ಯಾರಿ' ನಮ್ಮ ಭಾಷೆಯ ಮೊದಲ ಸಿನೆಮಾ. ಮರಾಠಿಯ 'ದೇವುಳ್' ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಹಂಚಿಕೊಂಡಾಗ ನಮ್ಮ ಮನೆಗಳಲ್ಲಿ ಆದ ಖುಷಿ ನೆನಪಿದೆ. ಆದರೆ ಅದರ ಕಥೆ ತಮ್ಮ ಕಾದಂಬರಿಯದ್ದು, ತಮ್ಮನ್ನು ಕೇಳಿಲ್ಲ ಅಂತ ಸಾರಾ ಕೋರ್ಟಿಗೆ ಹೋದರು. ಮಂಗಳೂರಿನ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದ ದಾವೆಯಲ್ಲಿ ತೀರ್ಪು ಅವರ ಪರವಾಗಿ ಬಂತು. ನಮ್ಮ ಭಾಷೆಯ ಹೆಮ್ಮೆಯ ವಿಷಯದಲ್ಲಿ ಇವರು ಯಾಕೆ ತಕರಾರು ತೆಗೆದರು ಅಂತ ಆಗ ನಾನೂ ಅಂದುಕೊಂಡಿದ್ದೆ. ಸ್ವತಃ ಬರೆದು ಹೊಟ್ಟೆ ಹೊರೆಯಲು ಹೊರಟ ಮೇಲೆ ಹಾಗೆ ಅನ್ನಿಸುವುದಿಲ್ಲ. ಎಪ್ಪತ್ತರ ವಯಸ್ಸು ದಾಟಿದ ಲೇಖಕಿ ತಾನು ಬರೆದದ್ದು ತನ್ನದು ಅಂತ ಹೇಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತಲ್ಲ, ಬೇಸರ ಅದಕ್ಕೆ.

ಹೆಸರು ಕೊಟ್ಟೇ ಮಾಡಿದ ಸಿನೆಮಾಗಳೂ ನಮ್ಮಲ್ಲೇ ಇವೆ. ಬೊಳುವಾರರ ಕಥೆಯಿಂದ ಪಿ. ಶೇಷಾದ್ರಿ 'ಮುನ್ನುಡಿ' ಮಾಡಿದರು, ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಗಿರೀಶ್ ಕಾಸರವಳ್ಳಿ 'ಹಸೀನಾ' ಮಾಡಿದರು. ಕಥೆ ಯಾರದ್ದು ಅಂತ ಹೇಳಿದ್ದರಿಂದ ಯಾವ ನಿರ್ದೇಶಕರ ಹೆಸರೂ ಸಣ್ಣದಾಗಲಿಲ್ಲ.

ಕಾನೂನು ನಾವು ಅಂದುಕೊಂಡಷ್ಟು ಬರಹಗಾರರ ವಿರುದ್ಧ ಇಲ್ಲ, ಓದುವವರು ಕಡಿಮೆ ಅಷ್ಟೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದ್ದು. ನಮ್ಮ ಹಾಗೆ ಬಿಡಿಯಾಗಿ ಬರೆಯುವವರು ಬರೆದದ್ದು, ನಾವು ಬರೆದುಕೊಡುವ ತನಕ ನಮ್ಮದೇ. ಬರೆದುಕೊಡುವುದು ಅಂದರೆ ಬಾಯಿ ಮಾತಲ್ಲ, ಸಹಿ ಇರುವ ಕಾಗದ. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಹಕ್ಕು ಬಿದ್ದುಹೋಗುತ್ತದೆ. ಹಾಗಾಗಿ ದೊಡ್ಡವರ ಕರಾರಿನಲ್ಲಿ ಆ "ಬೇರೆ" ಎಂಬುದು ಯಾವಾಗಲೂ ಇರುತ್ತದೆ, ಸಣ್ಣ ಅಕ್ಷರದಲ್ಲಿ. 2012ರ ತಿದ್ದುಪಡಿ ಬಂದ ಮೇಲೆ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಯಿಂದ ಬರುವ ರಾಯಧನದ ಪಾಲನ್ನು ಬರಹಗಾರ ತಾನಾಗಿ ಬಿಟ್ಟುಕೊಡುತ್ತೇನೆ ಅಂದರೂ ನಡೆಯುವುದಿಲ್ಲ.

ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದರೆ ಯಾವತ್ತು ಬರೆದದ್ದು ಅಂತ ತೋರಿಸಲು ಸಾಕ್ಷಿ ಸಿಗುತ್ತದೆ. ದೆಹಲಿಯ ಹಕ್ಕುಸ್ವಾಮ್ಯ ಕಚೇರಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಯಾರಾದರೂ ಆಕ್ಷೇಪ ಎತ್ತುತ್ತಾರಾ ಅಂತ 30 ದಿನ ಕಾಯುತ್ತಾರೆ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ತನ್ನ ಸದಸ್ಯರ ಸ್ಕ್ರಿಪ್ಟನ್ನು ಆನ್‌ಲೈನ್ ನೋಂದಣಿ ಮಾಡಿಕೊಳ್ಳುತ್ತದೆ. ಇದು ಯಾವುದೂ ಆಗದಿದ್ದರೆ ಕನಿಷ್ಠ ಒಂದು ಮಾಡಿ: ಬಾಯಲ್ಲಿ ಕಥೆ ಹೇಳಿ ಬಂದ ದಿನವೇ "ಇವತ್ತು ತಮಗೆ ಈ ಕಥೆ ಹೇಳಿದೆ" ಅಂತ ಸಾರಾಂಶ ಸೇರಿಸಿ ಇಮೇಲ್ ಹಾಕಿ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಬೇಡ.

ಐದನೆಯ ಡ್ರಾಫ್ಟ್ ಕಳಿಸುವಾಗ ನಾನೂ ಜೊತೆಗೆ ಒಂದು ಪತ್ರ ಬರೆದೆ. ಎರಡು ರಾತ್ರಿ ಬೇಕಾಯಿತು, ಸ್ಕ್ರಿಪ್ಟಿಗಿಂತ ಕಷ್ಟ. ಆರನೆಯ ಡ್ರಾಫ್ಟಿಗೆ ಮೊದಲು ಕರಾರು ಆಗಬೇಕು, ಹಣ ನಾಲ್ಕು ಕಂತು: ಸಹಿಯ ದಿನ, ಒನ್‌ಲೈನ್ ಒಪ್ಪಿದಾಗ, ಚಿತ್ರಕಥೆ ಕೊಟ್ಟಾಗ, ಸಂಭಾಷಣೆ ಮುಗಿದಾಗ. ಎರಡು ಸಲ ತಿದ್ದುವುದು ಅದರಲ್ಲೇ, ಮೂರನೆಯದಕ್ಕೆ ಬೇರೆ ಹಣ. ಬದಲಾವಣೆ ಹೇಳುವವರು ಒಬ್ಬರೇ ಇರಬೇಕು, ಬರೆದು ಹೇಳಬೇಕು. ಟೈಟಲ್ ಕಾರ್ಡಿನಲ್ಲಿ ಹೆಸರು.

"ಮಾತಾಡೋಣ" ಅಂತ ಉತ್ತರ ಬಂತು. ಆಮೇಲೆ ಫೋನ್ ಎತ್ತಲಿಲ್ಲ.

ಅತ್ತಿಗೆಗೆ ಹೇಳಲು ಎರಡು ವಾರ ಧೈರ್ಯ ಬರಲಿಲ್ಲ. ಹೇಳಿದ ದಿನ ಅವರು ಕೇಳಿದ್ದು, "ಕಳಿಸಿದ್ದನ್ನು ಅವರು ಮಾಡಿದರೆ?" ಅವರ ಹತ್ತಿರ ಇಮೇಲುಗಳನ್ನೆಲ್ಲ ತೋರಿಸಿದೆ, ತಾರೀಕಿನ ಸಮೇತ. ಪ್ರಿಂಟ್ ತೆಗೆಸಿ ಇಡು ಅಂದರು. ಬೇಕರಿಯ ಲೈಸೆನ್ಸ್ ಕಾಗದ ಇರುವ ಫೈಲಿನಲ್ಲಿ ಈಗ ನನ್ನ ಸ್ಕ್ರಿಪ್ಟೂ ಇದೆ.

ನಾಲ್ಕು ತಿಂಗಳ ನಂತರ ಒಂದು ಸಣ್ಣ ತಂಡದವರು ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರಕ್ಕೆ ಬರೆಸಿದರು. ಎರಡು ಪುಟದ ಕರಾರು ಕಳಿಸಿದೆ, ಮರುದಿನ ಸಹಿ ಹಾಕಿ ವಾಪಸ್ ಕಳಿಸಿದರು. ಕೇಳಿದರೆ ಕೊಡುವವರೂ ಇದ್ದಾರೆ ಅಂತ ಅಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ, ಕೇಳಿದ್ದರಲ್ಲವೇ ಗೊತ್ತಾಗುವುದು! ಮೊದಲ ಕಂತಿನಲ್ಲಿ ಕಾಕನಿಗೆ ಹತ್ತು ಸಾವಿರ ಕೊಟ್ಟೆ. ಉಮ್ಮನಿಗೆ ಕರಾರಿನ ಫೋಟೊ ಕಳಿಸಿದೆ. "ಇದರಲ್ಲಿ ನಿನ್ನ ಕೆಲಸದ ಹೆಸರು ಎಲ್ಲಿ ಬರೆದಿದ್ದಾರೆ?" ಅಂತ ಫೋನ್ ಮಾಡಿದರು. ಮೂರನೇ ಸಾಲು, 'ಲೇಖಕ' ಅಂತ. ಮುಂದಿನ ಪ್ರಸ್ತಾಪದವರಿಗೆ ಅದನ್ನೇ ಹೇಳಿದರಂತೆ. ಅವರು "ಡೀಡ್ ರೈಟರಾ?" ಅಂತ ಕೇಳಿದರಂತೆ.

ಗಲ್ಫ್ ಮಗನ ಸ್ಕ್ರಿಪ್ಟ್ ಯಾರೂ ಕೇಳದಿದ್ದರೂ ಬಿಟ್ಟಿಲ್ಲ. ಉಮ್ಮನ ಎರಡು ಪುಟ ಹೋಗಿದೆ. ಈಗ ಅವಳು ಪೆಟ್ಟಿಗೆಯನ್ನು ನೋಡುವುದೂ ಇಲ್ಲ, ಒಳಗೆ ಹೋಗಿ ಒಲೆ ಉರಿಸುತ್ತಾಳೆ. ಕಳೆದ ವಾರ ಕಟ್ಟೆಯಲ್ಲಿ ಆ ಸೀನ್ ಓದಿದಾಗ ಅಜ್ಜ ಕೈ ಎತ್ತಲಿಲ್ಲ, ಮುಂದಿಂದು ಓದ್ರಿ ಅಂದರು. ಆದರೆ ತಂಗಿ ಇನ್ನೂ ಬಾವಿಯಿಂದ ವಾಪಸ್ ಬಂದಿಲ್ಲ. ಏಳನೆಯ ಸೀನಿನಲ್ಲಿ ಕೊಡ ಹೊತ್ತುಕೊಂಡು ಬರಿಸಿ ನೋಡಿದೆ, ಎದುರು ಮನೆಯ ಅಕ್ಕ ಒಪ್ಪಲಿಲ್ಲ: "ಇಷ್ಟೊತ್ತು ಏನ್ ಮಾಡ್ತಿದ್ಲಂತ?"

ಅದನ್ನೇ ಬರೆಯುತ್ತಾ ಇದ್ದೇನೆ.