ಮುಖ ನೋಡಿ ಮಣೆ ಹಾಕುವ ಯಂತ್ರ

ಮಗಳು ಲೋಟ ಕುಕ್ಕಿದ ಸದ್ದಿನಲ್ಲೇ ಅವಳ ಸಿಟ್ಟು ಎಷ್ಟೆಂದು ನಮಗೆ ಗೊತ್ತಾಗಿಬಿಡುತ್ತದೆ, ಅಲ್ಲವೇ? ಹೀಗೆ ಮಾತಿಲ್ಲದೆ ಮನಸ್ಸು ಓದುವ ವಿದ್ಯೆಯನ್ನು ಈಗ ಆಫೀಸುಗಳಲ್ಲಿ ಯಂತ್ರಕ್ಕೂ ಕಲಿಸಲು ಹೊರಟಿದ್ದಾರೆ! ಊರು ಬಿಟ್ಟು ಕೆಲಸಕ್ಕೆ ಹೋಗುವವರು ನಮ್ಮ ಮಕ್ಕಳೇ. ಆದ್ದರಿಂದ ಇದೇನೆಂದು ನಾವೂ ತಿಳಿದಿರುವುದು ಒಳ್ಳೆಯದು.

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರೊಫೆಸರ್ ಅಲೆಕ್ಸ್ ಪೆಂಟ್‌ಲ್ಯಾಂಡ್ ಮತ್ತು ಅವರ ಶಿಷ್ಯರು ಕೊರಳಿಗೆ ತೂಗುಹಾಕುವ ಒಂದು ಬಿಲ್ಲೆ ತಯಾರಿಸಿದರು. ಅದರೊಳಗೆ ಪುಟ್ಟ ಪುಟ್ಟ ಸೆನ್ಸರುಗಳು. ಯಾರು ಯಾರ ಎದುರು ನಿಂತು ಎಷ್ಟು ಹೊತ್ತು ಮಾತಾಡಿದರು, ದನಿ ಏರಿತೇ ಇಳಿಯಿತೇ, ಮೈ ಎಷ್ಟು ಅಲುಗಿತು, ಇಷ್ಟನ್ನು ಅದು ಗುರುತು ಹಾಕಿಕೊಳ್ಳುತ್ತದೆ. ಆಡಿದ ಮಾತು ಏನೆಂಬುದನ್ನಲ್ಲ. ಹೊಸ ಸೊಸೆ ನೋಡಿ ನೋಡಿ ಮನೆಯ ರೀತಿ ಕಲಿಯುವಂತೆ, ಕಂಪ್ಯೂಟರು ಈ ಲೆಕ್ಕಗಳನ್ನೆಲ್ಲ ನೋಡಿ ಯಾವ ತಂಡ ಚೆನ್ನಾಗಿ ಕೆಲಸ ಮಾಡೀತು ಎಂದು ಊಹಿಸಲು ಕಲಿಯುತ್ತದೆ. ಇದಕ್ಕೇ ಮಷಿನ್ ಲರ್ನಿಂಗ್ ಎನ್ನುವುದು.

ಇದರಿಂದ ಒಳ್ಳೆಯದೂ ಆಗಿದೆ. ಒಂದು ಬ್ಯಾಂಕಿನ ಕಾಲ್ ಸೆಂಟರಿನಲ್ಲಿ ಒಂದೇ ತಂಡದವರು ಬೇರೆ ಬೇರೆ ಹೊತ್ತಿಗೆ ಕಾಫಿಗೆ ಏಳುತ್ತಿದ್ದರು. ಪೆಂಟ್‌ಲ್ಯಾಂಡ್ ಸಲಹೆಯಂತೆ ಎಲ್ಲರನ್ನೂ ಒಟ್ಟಿಗೆ ಬಿಟ್ಟರು. ಹಿಂದೆ ಬಿದ್ದಿದ್ದ ತಂಡಗಳಲ್ಲಿ ಒಂದೊಂದು ಕರೆಗೆ ಹಿಡಿಯುವ ಸಮಯ ಶೇ. 20ಕ್ಕೂ ಹೆಚ್ಚು ಇಳಿಯಿತೆಂದು ಅವರು 2012ರಲ್ಲಿ ಬರೆದರು. ನಾಲ್ಕು ಜನ ಹರಟುತ್ತಾ ಹಪ್ಪಳ ಒತ್ತಿದರೆ ಕೆಲಸ ಸಾಗಿದ್ದೇ ಗೊತ್ತಾಗುವುದಿಲ್ಲವಲ್ಲ, ಹಾಗೆ!

ಆದರೆ ಗುಂಪನ್ನು ಅಳೆಯುವುದು ಬೇರೆ, ಒಬ್ಬಳ ಮುಖ ನೋಡಿ ತೀರ್ಪು ಕೊಡುವುದು ಬೇರೆ. ಅಮೆರಿಕದ ಹೈರ್‌ವ್ಯೂ ಕಂಪೆನಿಯ ವಿಡಿಯೋ ಇಂಟರ್‌ವ್ಯೂಗಳಲ್ಲಿ ಮುಖದ ಚಲನೆಯನ್ನೂ ಕಂಪ್ಯೂಟರು ತೂಗುತ್ತಿತ್ತು. ಟೀಕೆಗಳು ಬಂದ ಮೇಲೆ, ಅದನ್ನು ಕೈಬಿಟ್ಟಿರುವುದಾಗಿ ಕಂಪೆನಿ 2021ರಲ್ಲಿ ಹೇಳಿತು. ಮುಖವೊಂದನ್ನೇ ನೋಡಿ ಮನಸ್ಸು ಹೇಳುವುದು ನಂಬುವಂಥದ್ದಲ್ಲವೆಂದು ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲೇ ತೋರಿಸಿದ್ದರು. ಹುಬ್ಬು ಗಂಟಿಕ್ಕಿದವಳಿಗೆ ಹಲ್ಲುನೋವಿರಬಹುದು, ರಾತ್ರಿಯೆಲ್ಲ ಮಗು ಅತ್ತಿರಬಹುದು. ಯಂತ್ರಕ್ಕೆ ಗಂಟು ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಯೂರೋಪಿಯನ್ ಒಕ್ಕೂಟದಲ್ಲಂತೂ 2025ರ ಫೆಬ್ರುವರಿ 2ರಿಂದ, ಕೆಲಸದ ಜಾಗದಲ್ಲಿ ಮತ್ತು ಶಾಲೆಗಳಲ್ಲಿ ಯಂತ್ರದಿಂದ ಭಾವನೆ ಅಳೆಯುವುದಕ್ಕೆ ನಿಷೇಧವಿದೆ. ಚಿಕಿತ್ಸೆ ಮತ್ತು ಸುರಕ್ಷತೆಗೆ ಮಾತ್ರ ವಿನಾಯಿತಿ.

ನಿಮ್ಮ ಮಗ ಅಥವಾ ಮಗಳಿಗೆ ಕ್ಯಾಮೆರಾ ಮುಂದೆ ಇಂಟರ್‌ವ್ಯೂ ಎಂದರೆ, ಇಲ್ಲವೇ ಆಫೀಸಿನಲ್ಲಿ ಇಂಥ ಬಿಲ್ಲೆ ಕೊಟ್ಟರೆ, ಮೂರು ಪ್ರಶ್ನೆ ಕೇಳಲು ಹೇಳಿಕೊಡಿ. ಇದು ಏನನ್ನು ಅಳೆಯುತ್ತದೆ? ಲೆಕ್ಕ ಯಾರ ಕೈಗೆ ಹೋಗುತ್ತದೆ? ಬೇಡವೆಂದರೆ ಒಪ್ಪುತ್ತೀರಾ? ವಿನಯವಾಗಿಯೇ ಕೇಳಲಿ, ಆದರೆ ಕೇಳದೆ ಬಿಡದಿರಲಿ.