ಮೈಸೂರಿನ ಕಬ್ಬಿಣದ ರಾಕೆಟ್ಟು

ಕರಿಮದ್ದಿನ ನೂರು ಪಾಲಿನಲ್ಲಿ ಪೆಟ್ಲುಪ್ಪು ಸುಮಾರು 75, ಇದ್ದಿಲು 15, ಗಂಧಕ 10. ಬಯಲಿನಲ್ಲಿ ಹೊತ್ತಿಸಿದರೆ ಅದು ಭುಗ್ಗೆಂದು ಉರಿದುಹೋಗುವುದು. ಕೊಳವೆಯಲ್ಲಿ ತುಂಬಿ ಹೊತ್ತಿಸಿದರೆ ಅನಿಲಗಳ ಒತ್ತಡ ಏರುವುದು. ಬಂದೂಕಿನಲ್ಲಿ ಈ ಒತ್ತಡ ಗುಂಡನ್ನು ತಳ್ಳುವುದು; ರಾಕೆಟ್ಟಿನಲ್ಲಿ ಅನಿಲ ಹಿಂದಕ್ಕೆ ನುಗ್ಗಿ ಕೊಳವೆಯೇ ಮುಂದಕ್ಕೆ ಹಾರುವುದು.

ಯೂರೋಪಿನ ಕಾಗದದ ಕೊಳವೆ ಹೆಚ್ಚಿನ ಒತ್ತಡವನ್ನು ತಾಳದು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನವರು ಕಬ್ಬಿಣದ ಕೊಳವೆಯನ್ನು ಬಳಸಿದುದರಿಂದ ಅದೇ ಮದ್ದು ರಾಕೆಟ್ಟನ್ನು ಹೆಚ್ಚು ದೂರ ಒಯ್ದಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಅದರ ಬಿಸಿಯನ್ನು ಉಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಅವೇ ಪ್ರೇರಣೆಯಾದವು.

ದಾವಣಗೆರೆಯ ನೆರೆಯ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, 2018ರಲ್ಲಿ, ಪಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳು ದೊರೆತವು. ತುಕ್ಕು ಹಿಡಿದ ಆ ಕೊಳವೆಗಳಲ್ಲಿ ನಮ್ಮ ಕಮ್ಮಾರರ ಕುಶಲತೆಯನ್ನು ನಾವು ಇಂದಿಗೂ ಕಾಣಬಹುದು.